ಸಿನಿಮಾದ ಶವಯಾತ್ರೆ

ಬ್ರೂಕ್ಲಿನ್
14 ಅಕ್ಟೋಬರ್ 1971

ಪ್ರೀತಿಯ ತಂಗಿ ಪಿಯೆತ್ರಿನಾಳಿಗೆ ಅಕ್ಕ ಆಗತಾಳ ಮುತ್ತುಗಳು.

ನಾವೆಲ್ಲ ಆರಾಮವಾಗಿದ್ದೇವೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಕೋಪ ಮಾಡಿಕೊಳ್ಳಬೇಡ. ನಿನ್ನ ಅಕ್ಕ ಈಗ ಸಿನಿಮಾ ನಟಿ. ನಗಬೇಡ, ನಿಜ.

ನಮ್ಮ ಬೀದಿಯ ಚರ್ಚಿನ ಮುಂದೆ ಭೂಗತ ದೊರೆಗಳ ಸಿನಿಮಾ ತೆಗೆಯಲು ಬಂದಿದ್ದರು. ಅವರಿಗೆ ತಾಯಿಯ ಪಾತ್ರಕ್ಕೆ ಕಪ್ಪು ಉಡುಪಿನ ಮುದುಕಿ ಬೇಕಾಗಿತ್ತು. ನನ್ನ ಗಂಡ ಗಾಸ್ಪಾರೆ ತೀರಿಹೋದಾಗಿನಿಂದ ನಾನು ತೊಡುವುದು ಕಪ್ಪನ್ನೇ ಅಲ್ಲವೇ? ಬಟ್ಟೆಯ ಖರ್ಚು ಉಳಿಯಿತೆಂದು ನಿರ್ದೇಶಕ ಫೆಲ್ಡ್‌ಮನ್ ಖುಷಿಪಟ್ಟ.

ಇಂಥ ಸಿನಿಮಾಗಳಿಗೂ ಒಂದು ಕಟ್ಟುಪಾಡು ಇದೆಯಂತೆ. ಬಡವರ ಹುಡುಗ ಗ್ಯಾಂಗು ಸೇರಬೇಕು, ಒಳ್ಳೆಯ ಸೂಟು ಹೊಲಿಸಬೇಕು, ಯಜಮಾನನನ್ನೂ ಮೀರಿ ಬೆಳೆಯಬೇಕು, ಕೊನೆಗೆ ಸಾಯಲೇಬೇಕು. ಅವನ ತಾಯಿ ಮಾತ್ರ ಒಲೆಯ ಮುಂದೆ ನಿಂತು ಸೌಟಾಡಿಸುತ್ತ, ಏನೂ ಅರಿಯದವಳಾಗಿ ಇರಬೇಕು.

“ಮಗನ ಅಂಗಿ ಒಗೆಯೋಳು ನಾನೇ ತಾನೆ? ರಕ್ತದ ಕಲೆ ನನಗೆ ಕಾಣಲ್ವಾ?” ಎಂದೆ.

“ಕಾಣಬಾರದು ಸಿನ್ಯೋರಾ. ತಾಯಿಗೆ ಗೊತ್ತಾದ್ರೆ ಕಥೆ ಅರ್ಧಕ್ಕೇ ಮುಗಿದುಹೋಗುತ್ತೆ,” ಎಂದ ಫೆಲ್ಡ್‌ಮನ್.

ಅದೂ ಸರಿಯೇ ಎನಿಸಿ ನಕ್ಕುಬಿಟ್ಟೆ. ನನ್ನ ಸಿನಿಮಾದ ಮಗ ಮೆಟ್ಟಿಲ ಮೇಲೆ ಗುಂಡು ತಿಂದು ಸತ್ತ. ಸತ್ತವನು ಎದ್ದು ಬಂದು, ನನ್ನ ಡಬ್ಬಿಯಲ್ಲಿದ್ದ ಬದನೆಕಾಯಿಯನ್ನೆಲ್ಲ ಖಾಲಿ ಮಾಡಿದ.

ಕೊನೆಯ ದಿನ ಅವನ ಶವಯಾತ್ರೆ. ಕೊಲ್ಲಿಸಿದ ಯಜಮಾನನೇ ಎಲ್ಲರಿಗಿಂತ ದೊಡ್ಡ ಹೂಚಕ್ರ ತಂದು ತಾಯಿಯ ಕೈಗೆ ಮುತ್ತಿಡುತ್ತಾನೆ, ಅವಳು ಅಳುತ್ತಾಳೆ. ಇದೂ ಕಟ್ಟುಪಾಡೇ. ಯಜಮಾನನಾಗಿದ್ದವನು ನಮ್ಮ ಬೀದಿಯ ಕ್ಷೌರಿಕ ಸಾಲ್ವೊ, ನೊಣಕ್ಕೂ ಹೊಡೆಯದ ಮನುಷ್ಯ. ಅವನು ಬಗ್ಗಿ ನನ್ನ ಕೈ ಹಿಡಿದ. ತುಟಿ ತಾಗುವ ಮೊದಲೇ ಕೈ ಎಳೆದುಕೊಂಡು ಲಂಗಕ್ಕೆ ಒರೆಸಿಕೊಂಡೆ. ಅಳಲಿಲ್ಲ. ಅವನ ಮುಖವನ್ನೇ ನೋಡುತ್ತ ನಿಂತೆ. ಪಾಪ, ಗಾಬರಿಯಲ್ಲಿ ಟೋಪಿ ಬೀಳಿಸಿಕೊಂಡ.

“ಇನ್ನೊಂದ್ಸಲ ತೆಗೆಯೋಣ್ವಾ?” ಎಂದು ಕ್ಯಾಮೆರಾದವನು ಕೇಳಿದ.

“ಬೇಡ, ಹಾಗೇ ಇರ್ಲಿ,” ಎಂದ ಫೆಲ್ಡ್‌ಮನ್. ಆಮೇಲೆ ನನ್ನ ಬಳಿ ಬಂದು, “ತಾಯಿಗೆ ಮೊದಲಿಂದ್ಲೂ ಎಲ್ಲಾ ಗೊತ್ತಿತ್ತು ಅಂತ ಈಗ ಜನಕ್ಕೆ ತಿಳಿದುಹೋಗುತ್ತಲ್ಲ,” ಎಂದ.

“ತಿಳೀಲಿ ಬಿಡಪ್ಪಾ,” ಎಂದೆ.

ಸಂಜೆ ಸಾಲ್ವೊ ಮನೆಗೇ ಬಂದ. “ಆಗತಕ್ಕಾ, ನನ್ನ ಮೇಲೇನಾದ್ರೂ ಸಿಟ್ಟಾ?” ಅಂತ ಕೇಳಿದ. ಕೂರಿಸಿ ಕಾಫಿ ಕೊಟ್ಟೆ. ಮಗಳು ನುನ್ಸಿಯಾ ಈರುಳ್ಳಿ ಚೀಲ ಮುಂದೆ ಹಿಡಿದು, “ನಟಿಯಮ್ಮಾ, ಇದರ ಮೇಲೊಂದು ರುಜು ಹಾಕಿ,” ಎಂದು ನಗಿಸಿದಳು. ಮನಸ್ಸು ಹೀಗೆ ಹಗುರಾಗಿ ಎಷ್ಟು ಕಾಲವಾಗಿತ್ತೋ.

ನಿನ್ನ ಮಕ್ಕಳು ತಣ್ಣಗಿರಲಿ. ನಿನ್ನ ಮೊಣಕಾಲು ನೋವನ್ನು ಆ ತಾಯಿ ಮರಿಯಮ್ಮ ಇಳಿಸಲಿ.

ನಿನ್ನ ಅಕ್ಕ
ಆಗತಾ

ತಾ.ಕ.: ನಮ್ಮೂರಿನ ಧಣಿ ದೊನ್ ಲಿಬೋರಿಯೊ ತೀರಿಕೊಂಡರು, ಅವರ ಆತ್ಮಕ್ಕಾಗಿ ಅಲ್ಲೊಂದು ಪೂಜೆ ಮಾಡಿಸು ಎಂದು ನೀನು ಬರೆದಿದ್ದೆ. ನನ್ನ ಗಾಸ್ಪಾರೆಯನ್ನು ಕೊಂದದ್ದು ದಾರಿಗಳ್ಳರಲ್ಲ, ಪಿಯೆತ್ರಿನಾ. ಗಾಸ್ಪಾರೆಯ ಶವಪೆಟ್ಟಿಗೆಯ ಪಕ್ಕ ನನ್ನ ಕೈಗೆ ಮುತ್ತಿಟ್ಟನಲ್ಲ ಆ ಲಿಬೋರಿಯೊ, ಕೊಲ್ಲಿಸಿದವನು ಅವನೇ. ಆಗಲೇ ನನಗೆ ಗೊತ್ತಿತ್ತು. ನಿನ್ನ ಗಂಡನಿಗೆ ಅವನ ತೋಟದ ಕೂಲಿಯೇ ಅನ್ನ. ಅದಕ್ಕೆ ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಪೂಜೆ ನಾನು ಮಾಡಿಸುವುದಿಲ್ಲ.