ಕಿನಾಕೊ ಊಟ ಬಿಟ್ಟ ಚಳಿಗಾಲ

ಜನವರಿ 8
ತೂಕ 1,390 ಗ್ರಾಂ. ಹೋದ ತಿಂಗಳಿಗಿಂತ ತೊಂಬತ್ತು ಕಡಿಮೆ. ಅಡುಗೆಮನೆಯ ತಕ್ಕಡಿಯಲ್ಲೇ ತೂಗಿದೆ. ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದಳು, ಸದ್ಯ.
ಫ್ರೀಜರಿನ ಇಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಇಕ್ಕುಳದಲ್ಲಿ ಹಿಡಿದು ಆಡಿಸಿದೆ. ಕಿನಾಕೊ ಮುಖ ತಿರುಗಿಸಿದಳು. ಊಟ ಬಿಟ್ಟು ಎಂಟನೇ ವಾರ. ಈ ಜಾತಿಯ ಸಣ್ಣ ಹೆಬ್ಬಾವು ಒಮ್ಮೊಮ್ಮೆ ಉಪವಾಸ ಕೂರುತ್ತದೆ, ಹೆದರಬಾರದು ಅನ್ನುತ್ತಾರೆ. ಹೆದರಿದ್ದೇನೆ.

ಜನವರಿ 11
ಪೊರೆ ಬಿಟ್ಟಿದ್ದಾಳೆ. ಇಡಿಯಾಗಿ ಅಲ್ಲ, ಚೂರುಚೂರು. ಬಾಲದ ತುದಿಯಲ್ಲಿ ಉಂಗುರದ ಹಾಗೆ ಅಂಟಿಕೊಂಡಿತ್ತು. ಒದ್ದೆ ಟವೆಲಿನಲ್ಲಿ ಸುತ್ತಿ ಅರ್ಧ ಗಂಟೆ ಕೂತೆ. ಬಂತು.
ಅಮ್ಮ ಬಾಗಿಲಲ್ಲೇ ನಿಂತು, "ನಲವತ್ಮೂರು ವರ್ಷದ ಗಂಡಸು, ಮಡಿಲಲ್ಲಿ ಹಾವು. ಯಾವ ಹೆಣ್ಣು ಒಪ್ತಾಳೋ ನಿನ್ನ!"
"ಇವಳು ಒಪ್ಪಿದಾಳಲ್ಲ."
ಸೊಟ್ಟ ಮುಖ ಮಾಡಿ ಹೋದಳು.

ಜನವರಿ 12, ಬೆಳಿಗ್ಗೆ 5.40
ಉಸಿರಾಡುವಾಗ ಸದ್ದು. ಸಿಳ್ಳೆಯಂತೆ. ಮೂಗಿನ ಹೊಳ್ಳೆಯಲ್ಲಿ ಸಣ್ಣ ಗುಳ್ಳೆ. ತಲೆ ಮೇಲೆತ್ತಿ, ಬಾಯಿ ಅರ್ಧ ತೆರೆದು...
ಅಂಚೆ ಕಚೇರಿಗೆ ಫೋನ್ ಮಾಡಿ ರಜೆ ಕೇಳಿದೆ. "ಮನೇಲಿ ಹುಷಾರಿಲ್ಲ." "ಅಮ್ಮನಿಗಾ?" "ಅಲ್ಲ." ಮುಂದೆ ಕೇಳಲಿಲ್ಲ.

ಅದೇ ದಿನ, ಮಧ್ಯಾಹ್ನ
ಟ್ರಾಮಿನಲ್ಲಿ ಕಿನಾಕೊ ಇದ್ದ ಬಟ್ಟೆಚೀಲವನ್ನು ಕೋಟಿನೊಳಗೆ ಎದೆಗೊತ್ತಿ ಕೂತಿದ್ದೆ. ಪಕ್ಕದ ಅಜ್ಜಿ, "ಮಗೂನಾ?" ಅಂದಳು. ಹೌದೆಂದು ತಲೆಯಾಡಿಸಿದೆ.
ಪ್ರಾಣಿಗಳ ಡಾಕ್ಟರ್ ಒನುಕಿ ಎಕ್ಸ್-ರೇ ತೆಗೆದರು. ಶ್ವಾಸಕೋಶದ ಸೋಂಕು. ಮೂರು ದಿನಕ್ಕೊಂದರಂತೆ ಏಳು ಇಂಜೆಕ್ಷನ್. ಮೊದಲನೆಯದು ಅವರೇ ಕೊಟ್ಟು, ಉಳಿದವನ್ನು ಕೊಡುವ ಬಗೆ ಹೇಳಿಕೊಟ್ಟರು.
"ಪೆಟ್ಟಿಗೆ ಎಷ್ಟು ಬೆಚ್ಚಗಿರುತ್ತೆ?"
"ಮೂವತ್ತೆರಡು ಡಿಗ್ರಿ. ಬೆಳಿಗ್ಗೆ, ಸಂಜೆ ನೋಡ್ತೀನಿ."
"ಮಧ್ಯಾಹ್ನ?"
ಮಧ್ಯಾಹ್ನ ನಾನು ಮಾತ್ಸುಯಾಮಾದ ಬೀದಿಗಳಲ್ಲಿ ಕಾಗದ ಹಂಚುತ್ತಿರುತ್ತೇನೆ.
ಮನೆಗೆ ಬಂದು ಥರ್ಮಾಮೀಟರಿನ ಗುಂಡಿ ಒತ್ತಿದೆ. ಇಷ್ಟು ದಿನದ ಅತಿ ಕಡಿಮೆ ತಾಪಮಾನ ಅದರ ನೆನಪಿನಲ್ಲಿರುತ್ತದೆ. ಎಂದೂ ಒತ್ತಿ ನೋಡಿರಲಿಲ್ಲ. ಹದಿನಾರು!
ಅಮ್ಮ ಅಡಿಯಲ್ಲಿ ಹೀಟರಿರುವ ಬಿಸಿಮೇಜಿನ ಹೊದಿಕೆಯೊಳಗೆ ಕಾಲು ಚಾಚಿ ಕಿತ್ತಳೆ ಸುಲಿಯುತ್ತಿದ್ದಳು. ಥರ್ಮಾಮೀಟರು ತೋರಿಸಿದೆ.
"ಹೂಂ, ನೀನು ಹೋದ್ಮೇಲೆ ಪೆಟ್ಟಿಗೆ ಹೀಟರಿನ ಪ್ಲಗ್ ನಾನೇ ತೆಗೀತೀನಿ. ನೀನು ಬರೋ ಹೊತ್ತಿಗೆ ಹಾಕ್ತೀನಿ."
"ಯಾಕಮ್ಮಾ?"
"ಚಳಿಗಾಲದಲ್ಲಿ ಹಾವು ಮಲಗ್ಬೇಕು ಕಾತ್ಸು. ನಮ್ಮಪ್ಪನ ತೋಟದಲ್ಲಿ ಕಲ್ಲುಗೋಡೆ ಸಂದೀಲಿ ಮಲಗಿರ್ತಿದ್ವು. ನೀನು ನೋಡಿದ್ರೆ ವರ್ಷವಿಡೀ ಬಿಸಿ ಹಚ್ಚಿಡ್ತೀಯ. ಪಾಪ, ಹಗಲಾದ್ರೂ ಒಂದಿಷ್ಟು ನಿದ್ದೆ ಮಾಡ್ಲಿ ಅಂತ."
"ಅವಳ ಮೂಲ ಆಫ್ರಿಕಾ! ಅಲ್ಲೆಲ್ಲಿದೆ ಇಂಥ ಚಳಿ? ಸಾಯಿಸ್ತಿದ್ದೆ ನೀನು ಅವಳನ್ನ!"
ಕೂಗಿಬಿಟ್ಟೆ. ಅಮ್ಮ ಅರ್ಧ ಸುಲಿದ ಹಣ್ಣನ್ನು ಮೇಜಿನ ಮೇಲಿಟ್ಟು ಎದ್ದು ಹೋದಳು.

ಜನವರಿ 15
ಮೂರು ದಿನ ಮಾತಿಲ್ಲ. ಸಾರು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತದೆ.
ಎರಡನೇ ಇಂಜೆಕ್ಷನ್. ಒಬ್ಬನೇ ಹಿಡಿಯಲು ಹೋದೆ. ಕಿನಾಕೊ ತಿರುಚಿಕೊಂಡಳು, ಸೂಜಿ ಸೊಟ್ಟಗಾಯಿತು, ಅಂಗಿಯ ಮೇಲೆಲ್ಲ ಗಬ್ಬುನಾತದ ನೀರು ಬಿಟ್ಟಳು. ನೆಲದ ಮೇಲೆ ಕೂತಿದ್ದೆ. ಅಮ್ಮ ಬಂದಳು. ಕೈಯಲ್ಲಿ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು.
"ಎಲ್ಲಿ ಹಿಡೀಬೇಕು?"
"ಬೇಡಮ್ಮ, ನಿನಗೆ ಹೆದರಿಕೆ."
"ಹೆದರಿಕೆ ಇದೆ. ಎಲ್ಲಿ ಹಿಡೀಬೇಕು ಅಂತ ಕೇಳಿದ್ದು."
ಹಿಡಿದಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. ಹೊಸ ಸೂಜಿ ಹಾಕಿ ಚುಚ್ಚಿದೆ. "ಆಯ್ತು" ಅಂದೆ. ಬಿಡಲಿಲ್ಲ. ಒಂದು ಗ್ಲೌಸು ಹಲ್ಲಿನಿಂದ ಕಚ್ಚಿ ಎಳೆದು, ಬೆರಳಿನಿಂದ ಮುಟ್ಟಿದಳು.
"ಅಯ್ಯೋ, ಲೋಳೆ ಲೋಳೆ ಇರುತ್ತೆ ಅಂದ್ಕೊಂಡಿದ್ದೆ ಕಣೋ. ರೇಷ್ಮೆ ಥರ ಇದೆ!"
ಕೂಗಿದ್ದು ತಪ್ಪು ಅಂದೆ. "ಪ್ಲಗ್ ತೆಗೆದಿದ್ದೂ" ಅಂದಳು. ಅಷ್ಟೇ.

ಜನವರಿ 30
ಏಳನೆಯದೂ ಮುಗಿಯಿತು. ಸಿಳ್ಳೆ ಇಲ್ಲ, ಗುಳ್ಳೆ ಇಲ್ಲ. ಫ್ರಿಜ್ಜಿನ ಬಾಗಿಲಲ್ಲಿ ಅಮ್ಮನ ಚಾರ್ಟು — ಒಂಬತ್ತು ಗಂಟೆ, ಹನ್ನೆರಡು, ಮೂರು. ಎಲ್ಲಾ ಮೂವತ್ತೆರಡು. ಫೋನಿನಲ್ಲಿ ಚಿಕ್ಕಮ್ಮನಿಗೆ, "ನಮ್ಮದಕ್ಕೆ ನ್ಯುಮೋನಿಯಾ ಆಗಿತ್ತು ಕಣೆ" ಅನ್ನುತ್ತಿದ್ದಳು. ನಮ್ಮದಕ್ಕೆ!
ಆದರೆ ಊಟ ಇಲ್ಲ. 1,310. ಡಾಕ್ಟರು, "ಹತ್ತು ದಿನ ನೋಡೋಣ. ಆಮೇಲೆ ನಳಿಕೇಲಿ ಹಾಕ್ಬೇಕಾಗುತ್ತೆ" ಅಂದರು.

ಫೆಬ್ರವರಿ 9, ಸಂಜೆ 5.50
ಹತ್ತನೇ ದಿನ. ಅಮ್ಮ ನನ್ನನ್ನು ಮೂಲೆಗೆ ತಳ್ಳಿದ್ದಾಳೆ.
"ಹೀಗೆ ಎದುರಿಗೆ ಕೂತು ದುರುಗುಟ್ಟಿದ್ರೆ ನನಗಾದ್ರೂ ತುತ್ತು ಇಳಿಯುತ್ತಾ? ಸರಿ ಆಕಡೆ."
ಪೆಟ್ಟಿಗೆಗೆ ಬಟ್ಟೆ ಹೊದಿಸಿ, ಒಂದು ಸಂದು ಬಿಟ್ಟು, ಇಕ್ಕುಳ ಹಿಡಿದು ತಾನೇ ಕೂತಿದ್ದಾಳೆ. ಇಪ್ಪತ್ತು ನಿಮಿಷವಾಯಿತು. ಕೈ ಅಲುಗಿಲ್ಲ. ನನಗೆ ಸುಮ್ಮನೆ ಕೂರಲಾಗುತ್ತಿಲ್ಲ, ಬರೆಯುತ್ತಿದ್ದೇನೆ.
ತಲೆ ಹೊರಗೆ ಬಂತು. ನಾಲಗೆ. ಮತ್ತೆ ನಾಲಗೆ. ಕತ್ತು ಹಿಂದಕ್ಕೆ ಮಡಚಿದಳು —
"ಪೆನ್ನು ಕಿರ್ ಅಂತಿದೆ, ನಿಲ್ಸೋ!"
ಇನ್ನೊಂದೇ ಸಾಲು, ಅಮ್ಮ. ಕಿನಾಕೊ ಬಾಯಿ ತೆರೆದಳು, ಇಲಿಯನ್ನು ಹಿಡಿದೇ ಬಿಟ್ಟ—