ಡ್ರೈವರಿಲ್ಲದ ಟ್ಯಾಕ್ಸಿ ನಮ್ಮೂರಿಗೆ ಯಾವಾಗ?

ಪ್ರೀತಿಯ ತಮ್ಮಾ,

ಇವತ್ತು ಈ ನಗರದಲ್ಲಿ ಡ್ರೈವರೇ ಇಲ್ಲದ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋಗಿಬಂದೆ ಕಣೋ! ಸ್ಟೀರಿಂಗ್ ತಾನೇ ತಿರುಗುವುದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಇದು ನಮ್ಮೂರಿಗೂ ಬಂದುಬಿಡುತ್ತದೆಂದು ಹೆದರಿ ನೀನು ಟ್ಯಾಕ್ಸಿ ಮಾರಲು ಹೊರಟಿದ್ದೀಯಲ್ಲ, ಅದಕ್ಕೇ ಇಳಿದವಳೇ ಆ ಟ್ಯಾಕ್ಸಿ ಕಂಪನಿಯ ಆಫೀಸಿಗೆ ನುಗ್ಗಿ, "ನಮ್ಮೂರಿಗೆ ಯಾವಾಗ ಬರ್ತೀರಿ?" ಎಂದು ಕೇಳಿದೆ.

"ತಾರೀಖು ನಮಗೂ ಗೊತ್ತಿಲ್ಲ ಅಕ್ಕ," ಎಂದಳು ಅಲ್ಲಿನ ಮೇಲ್ವಿಚಾರಕಿ. "ಮೊದಲು ನಕ್ಷೆ ಮಾಡೋಕೆ ಕ್ಯಾಮೆರಾ ಹೊತ್ತ ಕಾರಲ್ಲಿ ಗಲ್ಲಿ ಗಲ್ಲಿ ಸುತ್ತಬೇಕು. ಅದಾದ ಮೇಲೂ ಎರಡು ವರ್ಷ ಬೇಕು ಅಂದ್ಕೊಳ್ಳಿ. ಸುತ್ತೋಕೆ ನಿಮ್ಮೂರು ಬಲ್ಲ ಡ್ರೈವರೇ ಇನ್ನೂ ಸಿಕ್ಕಿಲ್ಲ."

ನಾನು ಬಿಡುತ್ತೇನೆಯೇ? ನಿನ್ನ ಹೆಸರು, ನಂಬರು ಬರೆಸಿಯೇ ಬಂದೆ!

ನನ್ನ ಮಂಡಿನೋವು ಇಳಿದಿದೆ. ನೀನು ಗಡ್ಡ ಬೋಳಿಸಿ ಒಂದು ಫೋಟೋ ತೆಗೆಸು, ಅವರಿಗೆ ಬೇಕಂತೆ. ದಮ್ಮಯ್ಯ, ಅದರಲ್ಲಾದರೂ ಸ್ವಲ್ಪ ನಗು. ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ ಅಕ್ಕ