ಬೇರಿಲ್ಲದ ಚಿಗುರು

ಮಡಕಶಿರ
28-11-1942

ಪ್ರೀತಿಯ ಪಾಪಕ್ಕನಿಗೆ ತಮ್ಮ ಕಾಟಪ್ಪನ ನಮಸ್ಕಾರಗಳು.

ರಾಯದುರ್ಗದಿಂದ ನೀನು ಬರೆದ ಎರಡು ಕಾಗದಗಳೂ ತಲುಪಿದವು. ಕೆಲಸ ಹೆಚ್ಚಾಗಿ ತಡವಾಯಿತು ಎಂದರೆ ಸುಳ್ಳಾಗುತ್ತದೆ. ಬರೆಯಲು ಧೈರ್ಯವಿರಲಿಲ್ಲ. ಭಾವನವರಿಗೆ ಜ್ವರ ಬಿಟ್ಟಿತೇ?

ನಮ್ಮ ತಿಮ್ಮಣ್ಣ ಸಿಂಗಪುರದ ಯುದ್ಧದಲ್ಲಿ ಕಾಣೆಯಾದನೆಂದು ಸರ್ಕಾರದ ಕಾಗದ ಬಂದ ಮೇಲೆ ಬೇರೆ ಸುದ್ದಿಯಿಲ್ಲ. ಬಂಗಲೆಯ ತೋಟದಲ್ಲಿ ಅವನ ಕೆಲಸ ಈಗ ನನ್ನದು. ಅಲ್ಲಿ ಅವನು ನೆಟ್ಟ ಬ್ರಷ್ ಗಿಡವಿದೆಯಲ್ಲ, ಸೀಸೆ ತೊಳೆಯುವ ಬ್ರಷ್ಷಿನಂತೆ ಕೆಂಪು ಹೂ ಬಿಡುವುದು, ಅದರ ಕಡ್ಡಿ ಮನೆಗೆ ಬೇಕು, ಅದು ಬೇರು ಬಿಟ್ಟರೆ ಅವನು ಬದುಕಿದ್ದಾನೆಂದೇ ಅರ್ಥ ಎಂದು ಅವ್ವ ಹಟ ಹಿಡಿದಳು. ಶ್ರಾವಣದಲ್ಲಿ ಗೇಣುದ್ದ ಕಡ್ಡಿ ಕತ್ತರಿಸಿ, ಮೊಗ್ಗು ಚಿವುಟಿ, ಮರಳು ಬೆರೆಸಿದ ಕುಂಡದಲ್ಲಿ ಊರಿ ನೆರಳಿಗಿಟ್ಟೆ. ತಿಂಗಳು ಕಳೆದ ಮೇಲೆ ಎರಡು ಎಲೆ ಬಿಟ್ಟಿತು.

"ಚಿಗುರ್ತು ಕಣೋ. ನನ್ ಮಗ ಬದುಕವ್ನೆ" ಎಂದಳು ಅವ್ವ. ಅದೇ ದಿನ ಮಾವನನ್ನು ಕರೆಸಿದಳು. "ನಿನ್ ಮಗಳು ನರಸಮ್ಮ ನನ್ ತಿಮ್ಮನಿಗೆ. ಬೇರೆಯೋರಿಗೆ ಕೊಟ್ಟೀಯ, ಹುಷಾರು." ರೊಳ್ಳದಿಂದ ಬಂದಿದ್ದ ಗಂಡನ್ನು ಬೇಡವೆನ್ನಲು ಮಾವ ಒಪ್ಪಿಯೇಬಿಟ್ಟ.

ನನಗೆ ತಡೆಯಲಾಗಲಿಲ್ಲ. ಕಡ್ಡಿಯೊಳಗೆ ಉಳಿದ ರಸಕ್ಕೇ ಎಲೆ ಬರುತ್ತದೆ, ಅದರಿಂದ ಬೇರು ಬಂದಿದೆ ಎಂದಾಗುವುದಿಲ್ಲ ಎಂದೆ.

"ಇಸ್ಕೂಲ್ ಬಿಟ್ಟೋನು ನಂಗೆ ಪಾಠ ಹೇಳ್ತಾನೆ ನೋಡು" ಎಂದಳು ಅವ್ವ. ಮಾವ ನಕ್ಕ. ನಾನು ಕಡ್ಡಿಯನ್ನು ಕಿತ್ತು ಇಬ್ಬರ ಮುಂದೆ ಹಿಡಿದೆ. "ನೋಡು ಮಾವ, ಬೇರು ಎಲ್ಲೈತೆ?"

ಮಾವ ಬಗ್ಗಿ ಕಡ್ಡಿಯ ಬುಡ ನೋಡಿದ. ಆಮೇಲೆ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಹುಡ್ಗಿ ಎಷ್ಟು ದಿನ ಕಾಯ್ತಾಳಕ್ಕ" ಎಂದು ಹೊರಟುಹೋದ.

ಕಳೆದ ವಾರ ರೊಳ್ಳದಲ್ಲಿ ನರಸಮ್ಮನ ಮದುವೆಯಾಯಿತು. ಅವ್ವ ಹೋಗಲಿಲ್ಲ. ನನ್ನ ತಟ್ಟೆಗೆ ಮುದ್ದೆ ಇಡುತ್ತಾಳೆ, ಮಾತಾಡುವುದಿಲ್ಲ. ಖಾಲಿ ಕುಂಡಕ್ಕೆ ದಿನವೂ ನೀರು ಹಾಕುತ್ತಾಳೆ. "ನಿಜ ಹೇಳ್ದಲ್ಲ, ಈಗ ಅದನ್ನೇ ಉಣ್ಣು" ಎನ್ನುತ್ತಾಳೆ ಪಕ್ಕದ ಮನೆಯ ಲಕ್ಷ್ಮಕ್ಕ. ಎಲ್ಲಾದರೂ ಹೋಗಿಬಿಡೋಣವೆಂದು ಎರಡು ಸಲ ಹಿಂದೂಪುರದ ಬಸ್ಸಿನವರೆಗೆ ನಡೆದು ವಾಪಸು ಬಂದೆ.

ಸಂಕ್ರಾಂತಿಗೆ ನೀನು ಬಂದರೆ ಅವ್ವ ಮಾತಾಡಿಯಾಳು. ಮಕ್ಕಳು ಚೆನ್ನಾಗಿರಲಿ, ಅವರಿಗೆ ನನ್ನ ಆಶೀರ್ವಾದ.

ಇಂತಿ ನಿನ್ನ ತಮ್ಮ,
ಕಾಟಪ್ಪ

ತಾ.ಕ.: ಇದನ್ನು ನೀನೊಬ್ಬಳೇ ಓದು. ಮಾವ ಹೊರಟ ಮೇಲೆ ಕಡ್ಡಿಯನ್ನು ಎಸೆಯಲು ಹೋದೆ. ಬುಡಕ್ಕೆ ಮರಳು ಅಂಟಿತ್ತು, ತೊಳೆದೆ. ಒಳಗೆ ಬಿಳಿಯ ಬೇರೊಂದಿತ್ತು, ದಾರದಷ್ಟು ಸಣ್ಣದು. ಕಿತ್ತಾಗ ತುದಿ ಮುರಿದಿತ್ತು. ಮಾವ ಆಗಿನ್ನೂ ನಮ್ಮ ಬೀದಿ ದಾಟಿರಲಿಲ್ಲ. ನಾನು ಕೂಗಲಿಲ್ಲ.